ಮನೆ ಸಾಲದ ಮೊದಲ ಐದು ವರ್ಷ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮನ ಮನಃಪೂರ್ವಕ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮನೆಯ ಸಾಲ ಮಂಜೂರಾಯಿತೆಂದೂ, ಬಡ್ಡಿ ವರ್ಷಕ್ಕೆ ಶೇಕಡಾ 9 ಎಂದೂ, ಅವಧಿ 20 ವರ್ಷವೆಂದೂ ತಿಳಿಸಿ ನೀನು ಬರೆದ ಪತ್ರ ತಲುಪಿತು. ಈಗ ಎರಡು ವರ್ಷದ ಮಗು ಓದು ಮುಗಿಸಿ ಕೆಲಸ ಹುಡುಕುವ ಹೊತ್ತಿನವರೆಗೂ ಈ ಭಾರ ಹೊತ್ತೇ ಇರಬೇಕೇ ಎಂದು ಅದರ ಕೊನೆಯಲ್ಲಿ ಕೇಳಿದ್ದೀಯೆ. ಇರಬೇಕಾಗಿಲ್ಲ. ನಾನೂ ನಿನ್ನ ದೊಡ್ಡಪ್ಪನವರೂ 20 ವರ್ಷದ ಸಾಲವನ್ನು 11 ವರ್ಷ ಮತ್ತು ಕೆಲವು ತಿಂಗಳಲ್ಲಿ ತೀರಿಸಿದವರು. ಇಬ್ಬರದೂ ಸಾಧಾರಣ ಸಂಬಳ, ಪಿತ್ರಾರ್ಜಿತವೆಂದು ಕೈಗೆ ಬಂದದ್ದು ಏನೂ ಇರಲಿಲ್ಲ. ನಾವು ಸರಿಯಾಗಿ ಮಾಡಿದ್ದನ್ನೂ ಎಡವಿದ್ದನ್ನೂ ಬರೆಯುತ್ತೇನೆ. ಅಳಿಯಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದು, ಏಕೆಂದರೆ ಒಬ್ಬರೇ ಓದಿ ಒಬ್ಬರೇ ನಿರ್ಧರಿಸಿದರೆ ಈ ಕೆಲಸ ಕೆಡುತ್ತದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕವನ್ನು ಅರ್ಥ ಮಾಡಿಕೊಳ್ಳಿ. ಸಾಲ 1 ಲಕ್ಷವೆಂದು ಇಟ್ಟುಕೊಂಡು ಹೇಳುತ್ತೇನೆ, ನಿಮ್ಮದು ಎಷ್ಟು ಲಕ್ಷವೋ ಅಷ್ಟರಿಂದ ಗುಣಿಸಿಕೊಳ್ಳಿ. ಶೇಕಡಾ 9ರ ಬಡ್ಡಿಗೆ 20 ವರ್ಷದ ಮಾಸಿಕ ಕಂತು ಸುಮಾರು 900. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು 150 ಮಾತ್ರ. ಬಡ್ಡಿಯನ್ನು ಬಾಕಿ ಇರುವ ಅಸಲಿನ ಮೇಲೆ ಲೆಕ್ಕ ಹಾಕುವುದರಿಂದ, ಬಾಕಿ ದೊಡ್ಡದಿರುವ ಆರಂಭದ ದಿನಗಳಲ್ಲಿ ಕಂತಿನ ಬಹುಪಾಲನ್ನು ಬಡ್ಡಿಯೇ ನುಂಗುತ್ತದೆ. ಐದು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿದ ಮೇಲೆ ನೀವು ಕೊಟ್ಟದ್ದು 54,000 ಆಗಿರುತ್ತದೆ, ಅಸಲು ಮಾತ್ರ ಇನ್ನೂ 88,700ರಷ್ಟು ಉಳಿದಿರುತ್ತದೆ. ಹತ್ತು ವರ್ಷವಾದಾಗಲೂ 71,000 ಬಾಕಿ. ಅಸಲಿನ ಅರ್ಧ ತೀರಿತೆನ್ನಬೇಕಾದರೆ 14 ವರ್ಷ ತುಂಬಬೇಕು. 240 ಕಂತುಗಳನ್ನೂ ಕಟ್ಟಿದವರು 1 ಲಕ್ಷದ ಸಾಲಕ್ಕೆ ಸುಮಾರು 2,16,000 ಕೊಟ್ಟಿರುತ್ತಾರೆ.

ಹೆದರಿಸಲು ಇದನ್ನು ಬರೆಯುತ್ತಿಲ್ಲ, ಮಗಳೇ. ಇದೇ ಲೆಕ್ಕ ತಿರುಗಿ ನಮ್ಮ ಪರವಾಗಿ ನಿಲ್ಲುವುದನ್ನು ನೋಡು. ಕಂತುಗಳ ಜೊತೆಗೆ, ಮೊದಲ ವರ್ಷದ ಕೊನೆಯಲ್ಲಿ ಒಮ್ಮೆ 10,000ವನ್ನು ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿ, ಆಮೇಲೆ ಎಂದಿನಂತೆ ಕಂತು ಮುಂದುವರಿಸಿದರೆ, ಕೊನೆಯ 50 ಕಂತುಗಳು ಇಲ್ಲವಾಗುತ್ತವೆ, ಅಂದರೆ ನಾಲ್ಕು ವರ್ಷಕ್ಕೂ ಮೇಲೆ. ಅದೇ 10,000ವನ್ನು ಹದಿನೈದನೆಯ ವರ್ಷದ ಕೊನೆಯಲ್ಲಿ ಕಟ್ಟಿದರೆ ಇಲ್ಲವಾಗುವುದು 16 ಕಂತುಗಳು ಮಾತ್ರ. ಹಣ ಒಂದೇ, ಕಟ್ಟಿದ ಹೊತ್ತು ಬೇರೆ. ಸಂಬಳ ಚೆನ್ನಾಗಿ ಬೆಳೆದ ಮೇಲೆ ನೋಡೋಣ, ಈಗ ಸ್ವಲ್ಪ ಆರಾಮವಾಗಿರೋಣ ಎಂದು ಎಲ್ಲರಿಗೂ ಅನಿಸುತ್ತದೆ, ನಮಗೂ ಅನಿಸಿತ್ತು. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ, ಕಷ್ಟಪಡುವುದಾದರೆ ಮೊದಲ ಐದು ವರ್ಷವೇ ಪಡಬೇಕೆಂದು ನಾವಿಬ್ಬರೂ ಒಪ್ಪಿಕೊಂಡೆವು. ನಿಮಗೂ ನಾನು ಹೇಳುವುದು ಇದನ್ನೇ. ಇಪ್ಪತ್ತು ವರ್ಷ ಕೈಬಿಗಿ ಹಿಡಿದು ಬದುಕುವುದು ಯಾರಿಗೂ ಆಗದು, ಆಗಲೂಬಾರದು. ಐದು ವರ್ಷ ಆಗುತ್ತದೆ.

ಹೆಚ್ಚುವರಿ ಹಣ ಎಲ್ಲಿಂದ ಬರಬೇಕು? ಒಂದೊಂದು ಚಿಲ್ಲರೆ ಖರ್ಚನ್ನೂ ಹಿಡಿದು ಹಿಂಡುವುದರಿಂದ ಬರುವುದಕ್ಕಿಂತ ಹೆಚ್ಚು, ಸಾಲ ತೆಗೆದುಕೊಂಡ ದಿನ ಇದ್ದ ಜೀವನಮಟ್ಟವನ್ನು ಅಲ್ಲಿಯೇ ನಿಲ್ಲಿಸುವುದರಿಂದ ಬರುತ್ತದೆ. ಸಂಬಳ ಏರಿದಾಗ ಆ ಏರಿಕೆ ಮನೆಯೊಳಗೆ ಕಾಲಿಡುವ ಮೊದಲೇ ಕಂತನ್ನು ಹೆಚ್ಚಿಸಿಬಿಡಿ. ಒಮ್ಮೆ ಕೈಗೆ ಬಂದು ಖರ್ಚಿನ ರೂಢಿಯಾದ ಹಣವನ್ನು ಮರಳಿ ಕೀಳುವುದು ಬಹಳ ಕಷ್ಟ, ಕೈಗೆ ಬರದ ಹಣದ ಕೊರತೆ ಯಾರಿಗೂ ಕಾಡುವುದಿಲ್ಲ. ಪ್ರತಿ ವರ್ಷ ಕಂತನ್ನು ಶೇಕಡಾ 5ರಷ್ಟು ಏರಿಸುತ್ತಾ ಹೋದರೆ 20 ವರ್ಷದ ಸಾಲ 12 ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲ ತಿಂಗಳಿನಿಂದಲೇ ಕಂತಿನ ಜೊತೆಗೆ ಅರ್ಧ ಕಂತನ್ನು ಸೇರಿಸಿ ಕಟ್ಟಬಲ್ಲವರಿಗೆ ಒಂಬತ್ತೇ ವರ್ಷ. ನಾವು ಮಾಡಿದ್ದು ಇವೆರಡರ ನಡುವಿನದು: ಸಂಬಳದ ಏರಿಕೆಯ ಮುಕ್ಕಾಲು ಪಾಲು ಕಂತಿಗೆ, ಕಾಲು ಪಾಲು ಮನೆಗೆ, ಮತ್ತು ಅಪರೂಪಕ್ಕೆ ಬಂದ ಬೋನಸ್ಸೆಲ್ಲವೂ ಅಸಲಿಗೆ.

ದೊಡ್ಡ ಖರ್ಚುಗಳ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಹೊಸ ಮನೆಗೆ ಹೋದೊಡನೆ ಎಲ್ಲವೂ ಹೊಸದಿರಬೇಕೆಂದು ಮನಸ್ಸು ಕೇಳುತ್ತದೆ. ಪೀಠೋಪಕರಣ, ವಾಹನ, ಗೃಹಬಳಕೆಯ ಯಂತ್ರಗಳು, ಇವುಗಳಲ್ಲಿ ಹಳೆಯದು ಕೆಲಸ ಮಾಡುವಷ್ಟು ದಿನ ಹೊಸದು ಬೇಡ. ಕಂತಿನಲ್ಲಿ ಕೊಳ್ಳುವುದಂತೂ ಬೇಡವೇ ಬೇಡ. ನಮ್ಮ ಮನೆಯ ಮುಂದಿನ ಕೋಣೆ ನಾಲ್ಕು ವರ್ಷ ಬರಿದಾಗಿಯೇ ಇತ್ತು, ಬಂದವರು ಚಾಪೆಯ ಮೇಲೆ ಕುಳಿತು ಮಾತಾಡಿದರು, ಅದರಿಂದ ಯಾರ ಪ್ರೀತಿಯೂ ಕಡಿಮೆಯಾಗಲಿಲ್ಲ. ನೋಡದೆಯೇ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಕಡಿತವಾಗುವ ಚಂದಾಗಳನ್ನು ವರ್ಷಕ್ಕೊಮ್ಮೆ ಎಲ್ಲವನ್ನೂ ನಿಲ್ಲಿಸಿ, ಯಾವುದರ ಕೊರತೆ ನಿಜವಾಗಿ ತಿಳಿಯುತ್ತದೋ ಅದನ್ನು ಮಾತ್ರ ಮತ್ತೆ ಆರಂಭಿಸಿ.

ಈಗ ನಾವು ಎಡವಿದ್ದನ್ನು ಹೇಳುತ್ತೇನೆ, ಇದನ್ನು ಬರೆಯುವಾಗ ಇಂದಿಗೂ ನನ್ನ ಮನಸ್ಸು ನೋಯುತ್ತದೆ. ಮೊದಲ ಎರಡು ವರ್ಷ ಲೆಕ್ಕವೆಲ್ಲ ನಮ್ಮಿಬ್ಬರ ನಡುವೆಯೇ ಇತ್ತು. ಮಕ್ಕಳ ಕಿವಿಗೆ ಬೀಳುತ್ತಿದ್ದದ್ದು "ಸಾಲ ಇದೆ, ಬೇಡ" ಎಂಬ ಮಾತು ಮಾತ್ರ. ಒಂದು ಸಂಜೆ ನನ್ನ ಹಿರಿಯ ಮಗ ಕುಂಟುತ್ತಾ ಬಂದ. ಶೂ ಬಿಚ್ಚಿಸಿ ನೋಡಿದರೆ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಶೂ ಚಿಕ್ಕದಾಗಿ ತಿಂಗಳುಗಳೇ ಆಗಿದ್ದವು, ಸಾಲ ಇದೆಯಲ್ಲ ಎಂದು ಅವನು ಹೇಳಿರಲಿಲ್ಲ. ಎಂಟು ವರ್ಷದ ಹುಡುಗ ನಮ್ಮ ಸಾಲವನ್ನು ತನ್ನ ಕಾಲಿನ ಮೇಲೆ ಹೊತ್ತು ತಿರುಗಿದ್ದ. ಆ ರಾತ್ರಿ ನಿನ್ನ ದೊಡ್ಡಪ್ಪನವರು ಒಂದು ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಮನೆಯ ಚಿತ್ರವೊಂದನ್ನು ಬರೆದು ಅದನ್ನು 100 ಚೌಕಗಳಾಗಿ ಭಾಗ ಮಾಡಿದರು. ಅಸಲಿನ ನೂರರಲ್ಲಿ ಒಂದು ಪಾಲು ತೀರಿದಾಗಲೆಲ್ಲ ಮಕ್ಕಳು ಒಂದು ಚೌಕಕ್ಕೆ ಬಣ್ಣ ಹಚ್ಚಬೇಕು. ಆದಾಯವೆಷ್ಟು, ಕಂತೆಷ್ಟು, ಮನೆಗೆ ಉಳಿಯುವುದೆಷ್ಟು ಎಂಬುದನ್ನು ತಿಂಗಳಿಗೊಮ್ಮೆ ಎಲ್ಲರೆದುರು ಹೇಳತೊಡಗಿದೆವು. ಅಗತ್ಯವೆಂದರೇನು, ಆಸೆಯೆಂದರೇನು ಎಂಬುದನ್ನು ಮಕ್ಕಳು ಆಮೇಲೆ ನಮಗಿಂತ ಚೆನ್ನಾಗಿ ಬೇರ್ಪಡಿಸಿದರು, ಮತ್ತು ಅಗತ್ಯವನ್ನು ಕೇಳಲು ಯಾರೂ ಹಿಂಜರಿಯಲಿಲ್ಲ.

ಆದ್ದರಿಂದ ಲೆಕ್ಕದ ಪುಸ್ತಕ ತೆರೆದಿರಲಿ. ಅದರ ಜೊತೆಗೆ, ಮನೆಯ ಪ್ರತಿಯೊಬ್ಬರಿಗೂ, ಚಿಕ್ಕದಾದರೂ ಸರಿ, ಏನು ಮಾಡಿದೆ ಎಂದು ಯಾರೂ ಕೇಳಬಾರದ ಒಂದು ಮೊತ್ತವನ್ನು ತಿಂಗಳಿಗೆ ಇಟ್ಟುಬಿಡಿ. ನನಗೂ ದೊಡ್ಡಪ್ಪನವರಿಗೂ ಆಗುತ್ತಿದ್ದ ಜಗಳಗಳು ಈ ಒಂದು ಏರ್ಪಾಡಿನಿಂದ ನಿಂತವು.

ಕೈ ಹಚ್ಚಬಾರದ ಕೆಲವು ಖರ್ಚುಗಳಿವೆ. ಆರೋಗ್ಯದ್ದು ಮೊದಲನೆಯದು, ನನ್ನ ಹಲ್ಲಿನ ಚಿಕಿತ್ಸೆಯನ್ನು ಒಂದು ವರ್ಷ ಮುಂದೂಡಿದ್ದಕ್ಕೆ ಆ ಹಲ್ಲನ್ನೇ ಕಳೆದುಕೊಂಡೆ, ಖರ್ಚೂ ಹೆಚ್ಚಾಯಿತು. ಆರೋಗ್ಯವಿಮೆ, ದುಡಿಯುವ ಇಬ್ಬರ ಜೀವವಿಮೆ, ಮಗುವಿನ ಓದು, ಮನೆಯ ಸೋರಿಕೆಯಂಥ ದುರಸ್ತಿ, ಇವುಗಳಲ್ಲಿ ಉಳಿಸಲು ಹೋಗಬೇಡಿ. ಹೆಚ್ಚುವರಿ ಕಂತು ಕಟ್ಟಲು ಶುರುಮಾಡುವ ಮೊದಲೇ, ಆರು ತಿಂಗಳ ಮನೆಖರ್ಚು ಮತ್ತು ಕಂತುಗಳಿಗೆ ಸಾಕಾಗುವಷ್ಟು ಹಣವನ್ನು ಬೇಕೆಂದಾಗ ತೆಗೆಯುವಂತೆ ಬೇರೆಯಾಗಿಡಿ. ಅಸಲಿಗೆ ಕಟ್ಟಿದ ಹಣ ಗೋಡೆಯೊಳಗಿನ ಇಟ್ಟಿಗೆಯಂತೆ, ಕೆಲಸ ಹೋದ ತಿಂಗಳು ಅದನ್ನು ಬಿಡಿಸಿ ತೆಗೆಯಲಾಗದು. ಹೆಚ್ಚು ಕಟ್ಟಿದ್ದೀರೆಂದು ಮುಂದಿನ ಕಂತನ್ನೂ ಯಾರೂ ಬಿಡುವುದಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲದಂಥ ಹೆಚ್ಚಿನ ಬಡ್ಡಿಯ ಸಾಲಗಳಿದ್ದರೆ ಅವು ಮೊದಲು ತೀರಲಿ.

ಈ ಹಣವನ್ನು ಸಾಲಕ್ಕೆ ಕಟ್ಟುವ ಬದಲು ಹೂಡಿಕೆ ಮಾಡಿದರೆ ಹೆಚ್ಚು ಲಾಭವಲ್ಲವೇ ಎಂದು ಅಳಿಯಂದಿರು ಕೇಳಬಹುದು. ಕೇಳುವುದು ನ್ಯಾಯವೇ. ಶೇಕಡಾ 9ರ ಸಾಲದ ಅಸಲನ್ನು ತೀರಿಸಿದರೆ ಶೇಕಡಾ 9ರ ಬಡ್ಡಿ ಖಂಡಿತವಾಗಿ ಉಳಿಯುತ್ತದೆ. ಹೂಡಿಕೆ ಅದಕ್ಕಿಂತ ಹೆಚ್ಚು ಕೊಡಬಹುದು, ಕೊಡದೆಯೂ ಇರಬಹುದು, ಕೊಟ್ಟದ್ದರ ಮೇಲೆ ತೆರಿಗೆಯೂ ಬೀಳಬಹುದು. ನಿವೃತ್ತಿಗೆಂದು ಕಟ್ಟುತ್ತಿರುವುದನ್ನು ನಿಲ್ಲಿಸಬೇಡಿ. ಅದಕ್ಕೆ ಮೇಲಾದದ್ದನ್ನು ಸಾಲಕ್ಕೆ ಕಟ್ಟುವುದೇ ನನ್ನ ಮಟ್ಟಿಗೆ ಸರಿ. ಬಡ್ಡಿ ತೀರಾ ಕಡಿಮೆ ಇರುವ ಸಾಲವಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ಸಾಲ ಕೊಟ್ಟವರೊಡನೆ ನಡೆಸುವ ವ್ಯವಹಾರವೆಲ್ಲ ಬರವಣಿಗೆಯಲ್ಲಿರಲಿ. ನಾವು ಮೊದಲ ಬಾರಿ ದೊಡ್ಡ ಮೊತ್ತ ಕಟ್ಟಿದಾಗ ಅವಧಿ ಇಳಿಯುತ್ತದೆಂದು ಭಾವಿಸಿ ಸುಮ್ಮನಿದ್ದೆವು. ಅವರು ಅವಧಿಯನ್ನು ಹಾಗೆಯೇ ಇಟ್ಟು ಕಂತನ್ನು ಇಳಿಸಿದ್ದರು, ಅದು ನಮಗೆ ತಿಳಿದದ್ದು ಒಂದು ವರ್ಷದ ಮೇಲೆ. ಕಂತು ಇಳಿದರೆ ಕೈಗೆ ಹಗುರವೆನಿಸುತ್ತದೆ, ಬಡ್ಡಿ ಉಳಿಯುವುದು ಮಾತ್ರ ಬಹಳ ಕಡಿಮೆ. ಆದ್ದರಿಂದ "ಕಂತು ಹಾಗೆಯೇ ಇರಲಿ, ಅವಧಿ ಇಳಿಯಲಿ" ಎಂದು ಪ್ರತಿ ಸಲವೂ ಬರೆದುಕೊಟ್ಟು, ಹೊಸ ಬಾಕಿ ಪಟ್ಟಿಯನ್ನು ಕೇಳಿ ಪಡೆಯಿರಿ. ಅವಧಿಗೆ ಮೊದಲೇ ಕಟ್ಟಿದರೆ ಶುಲ್ಕವಿದೆಯೇ ಎಂಬುದನ್ನು ಕರಾರುಪತ್ರದಲ್ಲಿ ಈಗಲೇ ಓದಿಕೊಳ್ಳಿ; ಸ್ಥಿರ ಬಡ್ಡಿಯ ಸಾಲಗಳಲ್ಲಿ ಅದು ಇರುವ ಸಂಭವ ಹೆಚ್ಚು.

ನಿಮ್ಮದು ಬದಲಾಗುವ ಬಡ್ಡಿಯ ಸಾಲವಾಗಿದ್ದರೆ ಇನ್ನೂ ಒಂದು ಎಚ್ಚರ ಬೇಕು. ಬಡ್ಡಿ ಏರಿದಾಗ ಎಷ್ಟೋ ಸಲ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುತ್ತಾರೆ, ತಿಂಗಳ ಕಡಿತ ಮೊದಲಿನಷ್ಟೇ ಇರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆರಂಭದಲ್ಲಿಯೇ ಶೇಕಡಾ 9 ಹೋಗಿ 10 ಆಯಿತೆನ್ನು. ಅದೇ 900ರ ಕಂತಿನಲ್ಲಿ 240 ತಿಂಗಳ ಸಾಲ 314 ತಿಂಗಳಿಗೆ ಹಿಗ್ಗುತ್ತದೆ, ಆರು ವರ್ಷಕ್ಕೂ ಹೆಚ್ಚು. ಕಂತನ್ನು 965ಕ್ಕೆ ಏರಿಸಿಕೊಂಡರೆ ಅವಧಿ 20 ವರ್ಷಕ್ಕೇ ನಿಲ್ಲುತ್ತದೆ. ಬಡ್ಡಿ ಇಳಿದಾಗಲೂ ಕಂತನ್ನು ಇಳಿಸಿಕೊಳ್ಳಬೇಡಿ.

ಕೊನೆಯ ಕಂತು ಕಟ್ಟಿದ ದಿನ ಕೆಲಸ ಮುಗಿಯಿತೆಂದು ಬಂದುಬಿಡಬೇಡಿ. ಸಾಲ ಪೂರ್ತಿ ತೀರಿದೆಯೆಂಬ ಪತ್ರ, ಅವರ ಬಳಿ ಇರುವ ಮೂಲ ದಾಖಲೆಗಳು, ಅಡಮಾನ ಬಿಡುಗಡೆಯಾದದ್ದಕ್ಕೆ ದಾಖಲೆ, ಎಲ್ಲವೂ ಕೈಸೇರಬೇಕು. ಇಂದು ಅವರಿಗೆ ಒಪ್ಪಿಸಿದ ಕಾಗದಗಳ ಪಟ್ಟಿಯನ್ನು ಸಹಿ ಹಾಕಿಸಿಕೊಂಡು ಈಗಲೇ ಜೋಪಾನ ಮಾಡಿಟ್ಟುಕೊಂಡರೆ ಅಂದು ಪರದಾಟವಿರುವುದಿಲ್ಲ.

ನಿನ್ನ ಮುಂದಿನ ಪತ್ರದಲ್ಲಿ ಮೂರು ವಿಷಯ ತಿಳಿಸು: ನಿಮ್ಮದು ಸ್ಥಿರ ಬಡ್ಡಿಯೋ ಬದಲಾಗುವುದೋ, ತುರ್ತಿಗೆಂದು ಎತ್ತಿಟ್ಟ ಹಣ ಎಷ್ಟು ತಿಂಗಳಿಗೆ ಸಾಕಾಗುತ್ತದೆ, ಬೇರೆ ಸಾಲ ಯಾವುದಾದರೂ ಉಂಟೇ. ತಿಳಿದ ಮೇಲೆ ದೊಡ್ಡಪ್ಪನವರು ನಿಮ್ಮ ಅಂಕಿಗಳನ್ನೇ ಹಾಕಿ ಐದು ವರ್ಷದ ಲೆಕ್ಕ ಬರೆದು ಕಳಿಸುತ್ತೇನೆಂದು ಹೇಳಿದ್ದಾರೆ. ಬಣ್ಣ ಹಚ್ಚಿದ ಆ ಹಳೆಯ ನೋಟ್‌ಬುಕ್ ನನ್ನ ಬಳಿ ಇನ್ನೂ ಇದೆ, ನೀವು ಬಂದಾಗ ಕೊಡುತ್ತೇನೆ. ಹಿಂದಿನ ಪುಟಗಳು ಖಾಲಿ ಇವೆ.

ಮಗುವಿಗೆ ಮುತ್ತು, ಅಳಿಯಂದಿರಿಗೆ ಆಶೀರ್ವಾದ.

ಇಂತಿ,
ನಿನ್ನ ದೊಡ್ಡಮ್ಮ