ಶಾಲು ಹೊದಿಸುವ ಮೊದಲು

ಪೊನ್ನಂಪೇಟೆ

ಚಿ. ಬೋಪಣ್ಣನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜುಲೈ 26ರಂದು, ಕಾರ್ಗಿಲ್ ವಿಜಯ ದಿನ, ಊರಿನ ಮಾಜಿ ಸೈನಿಕರನ್ನೂ ಹುತಾತ್ಮರ ಮನೆಯವರನ್ನೂ ಸನ್ಮಾನಿಸುವ ಕೆಲಸ ನಿನ್ನ ಹೆಗಲಿಗೆ ಬಂದಿದೆ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಶಾಲು, ಹಾರ, ನೆನಪಿನ ಕಾಣಿಕೆಗೆ ಎಷ್ಟು ಹಿಡಿಯಬೇಕು ಎಂದು ಕೇಳಿದ್ದೀಯಂತೆ. ಅದು ಕೊನೆಯಲ್ಲಿ ನೋಡುವ ಲೆಕ್ಕ ಮಗಾ. ಮೂರು ವಾರ ಮುಂಚೆಯೇ ಒಂದು ನೋಟ್ ಪುಸ್ತಕ ಹಿಡಿದು ಮನೆಮನೆಗೆ ಹೋಗು. ನಾಟಿ ಸಮಯ, ಹಗಲು ಯಾರೂ ಮನೆಯಲ್ಲಿ ಸಿಗುವುದಿಲ್ಲ, ಸಂಜೆ ಹೋಗು.

ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ಭಾಷಣಗಳಲ್ಲಿ ಹೇಗೂ ಬರುತ್ತದೆ. ನೀನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ್ದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ವಿಷಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಹಿಂದಿರುಗಲಿಲ್ಲ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಅವರು ಉರುಳಿಸಿದ್ದರೆಂಬುದು ನಮ್ಮವರಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅದೂ ಆಚೆ ಕಡೆಯ ವಿವರಗಳಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಕಾಗದದಲ್ಲಿ ಇಲ್ಲದ್ದಕ್ಕೆ ಗೌರವ 23 ವರ್ಷ ತಡವಾಯಿತು. ನಮ್ಮೂರಿನ ಮನೆಗಳಲ್ಲಿ ಇದೇ ಕಥೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ, ಪೆನ್ಷನ್ ರೂಪದಲ್ಲಿ.

ಪ್ರತಿ ಮನೆಯಲ್ಲೂ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿಯ ಆದೇಶಪತ್ರ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಷ್ಟನ್ನೂ ಮೇಜಿನ ಮೇಲೆ ಒಟ್ಟಿಗೆ ಇಡಿಸಿ, ಹೆಂಡತಿಯ ಹೆಸರು ನಾಲ್ಕರಲ್ಲೂ ಒಂದೇ ಇದೆಯೇ ನೋಡು. ಕೊಡಗಿನವರಿಗೆ ಇಲ್ಲೇ ಪೆಟ್ಟು. ಮನೆತನದ ಹೆಸರು ಒಂದರಲ್ಲಿ ಮುಂದೆ ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಇರುವುದೇ ಇಲ್ಲ. ಆಧಾರ್‌ನಲ್ಲಿ ತವರಿನ ಮನೆತನ, ಪಿಪಿಒದಲ್ಲಿ ಗಂಡನ ಮನೆತನ. ಯಜಮಾನರು ಇರುವಷ್ಟು ದಿನ ಯಾರಿಗೂ ಇದು ಕಾಣುವುದಿಲ್ಲ. ಅವರು ಹೋದ ಮೇಲೆ ಫ್ಯಾಮಿಲಿ ಪೆನ್ಷನ್‌ಗೆ ಅರ್ಜಿ ಹಾಕಿದಾಗ ಫೈಲ್ ನಿಲ್ಲುತ್ತದೆ. ತಿದ್ದುಪಡಿ ಆಗಬೇಕಾದ್ದು ಅವರವರ ರೆಕಾರ್ಡ್ ಆಫೀಸಿನ ದಾಖಲೆಯಲ್ಲಿ: ಮದ್ರಾಸ್ ರೆಜಿಮೆಂಟಿನವರಾದರೆ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಆರ್ಟಿಲರಿಗೆ ನಾಸಿಕ್, ಸೇನೆಯ ಯಂತ್ರ, ವಾಹನ ರಿಪೇರಿಯ ಇಎಂಇಗೆ ಸಿಕಂದರಾಬಾದ್. ಅರ್ಜಿಯನ್ನು ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ಕಳಿಸುವುದು ಲೇಸು. ಯಜಮಾನರೇ ಕೂತು ಸಹಿ ಹಾಕಿದರೆ ಸುಲಭ. ಅವರು ಇಲ್ಲವಾದ ಮೇಲೆ ಅಫಿಡವಿಟ್ಟು, ಅಲೆದಾಟ.

ಈಗಾಗಲೇ ಪೆನ್ಷನ್ ಪಡೆಯುತ್ತಿರುವ ಹೆಣ್ಣುಮಕ್ಕಳ ಪಿಪಿಒದಲ್ಲಿ ಯಾವ ಬಗೆಯದ್ದು ಎಂದು ಬರೆದಿದೆ ಓದು. ಯುದ್ಧದಲ್ಲಿ, ಕಾರ್ಯಾಚರಣೆಯಲ್ಲಿ ಮಡಿದವರ ಪತ್ನಿಗೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್, ಅಂದರೆ ಕೊನೆಯ ಸಂಬಳದಷ್ಟೇ. ಸೇವೆಯ ಕಾರಣಕ್ಕೇ ಸಾವು ಬಂದಿದ್ದರೆ ಸ್ಪೆಷಲ್, ಶೇ. 60. ಉಳಿದದ್ದು ಆರ್ಡಿನರಿ, ಶೇ. 30, ಅದಕ್ಕೂ ಮೊದಲ ಕೆಲವು ವರ್ಷ ಹೆಚ್ಚಿನ ದರ ಇರುತ್ತದೆ. ಸ್ಪೆಷಲ್ ಸಿಗಬೇಕಾದ ಕಡೆ ಆರ್ಡಿನರಿ ಮಂಜೂರಾಗಿ, ಮನೆಯವರು ‘ಬಂದಷ್ಟು ಬಂತು’ ಎಂದು ಸುಮ್ಮನಿದ್ದಿರಬಹುದು. ನೀನಾಗಿ ಆಸೆ ಹುಟ್ಟಿಸಬೇಡ. ಪಿಪಿಒದ ನಕಲು ಮಾಡಿಸಿ ಕಲ್ಯಾಣ ಇಲಾಖೆಯವರ ಮುಂದಿಡು, ಅವರು ಹೇಳಲಿ.

ಲೈಫ್ ಸರ್ಟಿಫಿಕೇಟ್ ಇನ್ನೊಂದು ತಲೆನೋವು. ವರ್ಷಕ್ಕೊಮ್ಮೆ ಕೊಡದಿದ್ದರೆ ಪೆನ್ಷನ್ ನಿಲ್ಲುತ್ತದೆ. ತೋಟದ ಕೆಲಸ ಮಾಡಿ ಮಾಡಿ ಅಜ್ಜಿಯಂದಿರ ಬೆರಳಿನ ಗೆರೆ ಸವೆದುಹೋಗಿರುತ್ತದೆ, ಎಷ್ಟು ಒತ್ತಿದರೂ ಮೆಷಿನ್ ಹಿಡಿಯುವುದಿಲ್ಲ. ಸೆಂಟರಿಗೆ ಮತ್ತೆ ಮತ್ತೆ ಕರೆದುಕೊಂಡು ಹೋಗಬೇಡ. ನಿನ್ನ ಫೋನಿಗೇ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎಂಬ ಆ್ಯಪ್‌ಗಳನ್ನು ಹಾಕಿಕೊಂಡು, ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿದರೆ ಮುಖ ತೋರಿಸಿಯೇ ಆಗುತ್ತದೆ. ಒಂದು ಕಡೆ ಜಾಗ್ರತೆ: ರಕ್ಷಣಾ ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ಬಂದವರಾದರೆ ಪೆನ್ಷನ್ ಕೊಡುವವರು ಯಾರು ಎನ್ನುವಲ್ಲಿ ಸ್ಪರ್ಶ್ ಎಂದೇ ಆರಿಸಬೇಕು. ಬ್ಯಾಂಕಿನ ಹೆಸರು ಒತ್ತಿದರೆ ಸರ್ಟಿಫಿಕೇಟ್ ಆಗುತ್ತದೆ, ಮೆಸೇಜೂ ಬರುತ್ತದೆ, ಆದರೆ ಹೋಗಬೇಕಾದಲ್ಲಿಗೆ ಹೋಗಿರುವುದಿಲ್ಲ.

ಯಜಮಾನರು ತೀರಿಕೊಂಡ ಮೇಲೂ ಅವರ ಪೆನ್ಷನ್ ಖಾತೆಗೆ ಬೀಳುತ್ತಲೇ ಇರುವುದುಂಟು. ಎಟಿಎಂ ಕಾರ್ಡಿನಲ್ಲಿ ಯಾರಾದರೂ ತೆಗೆದರೆ ಆಮೇಲೆ ಅಷ್ಟನ್ನೂ ಕಡಿದುಕೊಳ್ಳುತ್ತಾರೆ. ಸಾವಿನ ಸುದ್ದಿಯನ್ನು ಬೇಗ ತಿಳಿಸಿ, ಫ್ಯಾಮಿಲಿ ಪೆನ್ಷನ್ ಶುರುಮಾಡಿಸುವುದೇ ದಾರಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡನ್ನೂ ಆಗಲೇ ಹೆಂಡತಿಯ ಹೆಸರಿಗೆ ಬದಲಿಸಬೇಕು.

ಮೆಡಲುಗಳಿದ್ದರೆ ತೋರಿಸಲು ಹೇಳು. ಅಂಚನ್ನು ತಿರುಗಿಸಿ ನೋಡು, ಸಾಮಾನ್ಯವಾಗಿ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತಾರೆ. ಕಾಗದವೆಲ್ಲ ಗೆದ್ದಲು ತಿಂದ ಮನೆಯಲ್ಲಿ ಆ ಒಂದು ಸಾಲಿನಿಂದಲೇ ದಾಖಲೆ ಹುಡುಕಲು ಶುರುಮಾಡಬಹುದು. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಲು ಬಿಡಬೇಡ, ಅಕ್ಷರ ಸವೆಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲಕ್ಕೆ ರಿಬ್ಬನ್ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿಡಲಿ. ಹಳೆಯ ಕಾಗದಗಳಿಗೆ ಲ್ಯಾಮಿನೇಷನ್ ಬೇಡ, ಸ್ಕ್ಯಾನ್ ಸಾಕು. ಸಮಾರಂಭಕ್ಕೆ ಮೆಡಲ್ ಧರಿಸಿ ಬರುವಂತೆ ಕೇಳುವುದಾದರೆ, ಪಡೆದವರು ಎಡ ಎದೆಗೆ, ತೀರಿಹೋದವರ ಹೆಂಡತಿ, ಮಕ್ಕಳು ಬಲ ಎದೆಗೆ.

ಇನ್ನು ಆ ದಿನದ ವಿಷಯ. ಜುಲೈ ಮಳೆಗೆ ಶಾಮಿಯಾನ ನಂಬಬೇಡ, ಹಾಲ್ ಮಾಡು. ಜನರೇಟರ್ ಇರಲಿ. ವಯಸ್ಸಾದವರನ್ನು ಕರೆತರಲು ಜೀಪು, ಶೌಚಾಲಯಕ್ಕೆ ಹತ್ತಿರದ ಕುರ್ಚಿ. ಶಾಸಕರು ತಡವಾಗಿ ಬಂದರೆ ಅವರಿಗಾಗಿ ಕಾಯಿಸಬೇಡ, ಬಂದಾಗ ಬಂದು ಕೂತುಕೊಳ್ಳಲಿ. ಸ್ಮಾರಕಕ್ಕೆ ಪುಷ್ಪಚಕ್ರ ಇಡುವಾಗ ಮೊದಲು ಮಡಿದವರ ತಾಯಿ ಅಥವಾ ಹೆಂಡತಿ, ಆಮೇಲೆ ಉಳಿದ ಗಣ್ಯರು. ಅದರ ಹಿಂದೆಯೇ ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ರಾಗ, ಎರಡು ನಿಮಿಷ ಮೌನ, ಮತ್ತೆ ಬ್ಯೂಗಲ್‌ನಲ್ಲಿ ರೌಸ್ ರಾಗ, ಇದೇ ಕ್ರಮ. ಬ್ಯೂಗಲ್‌ನವರು ಸಿಗದೆ ಧ್ವನಿಮುದ್ರಿಕೆ ಹಾಕುವುದಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೋ, ಆ ಮಳೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಮೌನದ ನಡುವೆ ಯಾರೂ ಜೈಕಾರ ಕೂಗಬಾರದೆಂದು ಮೈಕಿನಲ್ಲಿ ಮೊದಲೇ ಹೇಳು. ಉತ್ಸಾಹದಲ್ಲಿ ಯಾರಾದರೂ ಮನೆಯ ಕೋವಿ ತಂದು ಗುಂಡು ಹಾರಿಸುತ್ತೇನೆಂದರೆ ಖಂಡಿತ ಬೇಡ ಅನ್ನು. ಕೋವಿ ನಮಗೆ ಕೈಲ್ ಪೊಳ್ದ್ ಆಯುಧಪೂಜೆಯ ಹಬ್ಬಕ್ಕೂ ಸಾವಿಗೂ ಇದ್ದೇ ಇದೆ.

ಫಲಕಕ್ಕೆ ತ್ರಿವರ್ಣ ಧ್ವಜವನ್ನು ಪರದೆಯ ಹಾಗೆ ಹಾಕಿ ಅನಾವರಣ ಮಾಡಬಾರದು, ಧ್ವಜ ಸಂಹಿತೆಗೆ ಅದು ವಿರುದ್ಧ. ಬೇರೆ ಬಟ್ಟೆ ಬಳಸು. ಶವಪೆಟ್ಟಿಗೆಯ ಮೇಲಿದ್ದ ಧ್ವಜ ಯಾವುದಾದರೂ ಮನೆಯಲ್ಲಿದ್ದರೆ ಮಡಿಸುವ ಕ್ರಮ ತೋರಿಸಿಕೊಡು: ಅಡ್ಡಡ್ಡಲಾಗಿ ಹಿಡಿದು ಕೇಸರಿ, ಹಸಿರು ಎರಡನ್ನೂ ಬಿಳಿಯ ಅಡಿಗೆ ಮಡಚಿ, ಆಮೇಲೆ ಎರಡೂ ಬದಿಯಿಂದ ಚಕ್ರದ ಕಡೆಗೆ.

ಗಂಡನನ್ನು ಕಳೆದುಕೊಂಡವರನ್ನು ವೇದಿಕೆಗೆ ಕರೆಯುವ ಮುನ್ನ, ಬರಲು ಇಷ್ಟವಿದೆಯೇ ಎಂದು ಮನೆಯಲ್ಲೇ ಕೇಳಿರು. ಬೇಡ ಎಂದರೆ ಒತ್ತಾಯ ಬೇಡ, ಅವರು ಕೂತಲ್ಲಿಗೇ ಹೋಗಿ ಗೌರವಿಸು. ಅವರ ಹೆಸರು ಹೇಳಿ ಕರೆ, ಬರೀ ‘ಇಂಥವರ ಪತ್ನಿ’ ಎಂದಲ್ಲ. ಕಾರ್ಯಕ್ರಮದ ನಡುವೆ ಸಾವಿನ ವಿವರ ಹೇಳಿಸಿ ಅಳಿಸುವ ನಿರೂಪಕರಿದ್ದಾರೆ, ಅಂಥವರಿಗೆ ಮೈಕ್ ಕೊಡಬೇಡ.

ಈಗ ಗಡಿಯಲ್ಲಿರುವ ಹುಡುಗರ ಮನೆಗಳನ್ನೂ ಪಟ್ಟಿಗೆ ಸೇರಿಸು. ಅವರಿಗೆ ಶಾಲು ಬೇಡ. ಆನೆ ಬೇಲಿ ಮುರಿದ ದಿನ, ಕರೆಂಟ್ ಹೋಗಿ ನೀರಿಲ್ಲದ ದಿನ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಬೇಕು. 2018ರ ಆಗಸ್ಟಿನಂತೆ ದಾರಿ ಕಡಿದುಹೋದರೆ ಏನು ಮಾಡುವುದೆಂದೂ ಯೋಚಿಸಿಡು. ಪ್ರತಿ ಮನೆಯಲ್ಲೂ ಹುಡುಗನ ಸರ್ವಿಸ್ ನಂಬರ್, ರ‍್ಯಾಂಕ್, ಯೂನಿಟ್, 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ) ವಿಳಾಸ ಒಂದು ಹಾಳೆಯಲ್ಲಿ ಬರೆಸಿ ಕಪಾಟಿನ ಒಳಬದಿಗೆ ಅಂಟಿಸು. ಮನೆಯಲ್ಲಿ ಅನಾಹುತವಾದಾಗ ಯೂನಿಟ್‌ಗೆ ತಿಳಿಸಿ ರಜೆ ಕೊಡಿಸಲು ಇಷ್ಟು ಬೇಕೇ ಬೇಕು. ಅದರ ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಮಾತ್ರ ಹಾಕಬೇಡ. ಅಭಿನಂದನೆಯ ಪೋಸ್ಟರಿನಲ್ಲೂ ಹುಡುಗ ಎಲ್ಲಿದ್ದಾನೆ ಎಂಬುದು ಬೇಡ.

ನೆನಪಿನ ಕಾಣಿಕೆಯ ಮೇಲೆ ಹೆಸರು ಕೊರೆಸುವ ಮೊದಲು ಪಟ್ಟಿಯನ್ನು ನನಗೆ ಕಳಿಸು. ನಾಯಬ್ ಸುಬೇದಾರರನ್ನು ನಾಯಕ್ ಮಾಡಿಬಿಟ್ಟರೆ ಆ ಮನುಷ್ಯ ಅದನ್ನು ಗೋಡೆಗೆ ಹಾಕುವುದಿಲ್ಲ. ‘ನಿವೃತ್ತ’ ಎನ್ನುವುದು ಹೆಸರಾದ ಮೇಲೆ ಬರಲಿ, ರ‍್ಯಾಂಕಿನ ಮುಂದೆ ಬೇಡ. ಒಂದು ವಾರದೊಳಗೆ ಕಳಿಸಿದರೆ ತಿದ್ದಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ