ಆ ಮೇಷ್ಟ್ರ ಹೆಸರು ಬರೆಯಬೇಡ

ತೀರ್ಥಹಳ್ಳಿ

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ಕೇಳಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಫೋನಿನಲ್ಲೇ ಮಾತಾಡಿದರೆ ನಾನು ಗದರಿಬಿಡುತ್ತೇನೆ, ನೀನು ಮುನಿಸಿಕೊಳ್ಳುತ್ತೀಯ. ಅದಕ್ಕೇ ಈ ಪತ್ರ.

ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಬೇಕೋ ಬೇಡವೋ ಅಂತ ಎರಡು ವಾರದಿಂದ ಜಾಲತಾಣದಲ್ಲಿ ನಿನ್ನ ಜೊತೆ ವಾದ ಮಾಡುತ್ತಿರುವವರು ಬೇರೆ ಹೆಸರಿನಲ್ಲಿ ಬರೆಯುತ್ತಾರೆ. ಅವರು ಹಾಕಿದ ಒಂದು ಫೋಟೋದ ಹಿಂದೆ ಪ್ರತಿಭಾ ಕಾರಂಜಿಯ ಬ್ಯಾನರ್ ಕಂಡಿತು, ಅದರಲ್ಲಿ ಶಾಲೆಯ ಹೆಸರಿತ್ತು, ಅಲ್ಲಿಂದ ಹುಡುಕಿ ಆ ಮೇಷ್ಟ್ರು ಯಾರು ಅಂತ ಪತ್ತೆ ಮಾಡಿದೆ ಅಂದೆ. ಈಗ ಹೆಸರು, ಊರು ಎಲ್ಲಾ ಹಾಕಿ ಬರೆಯುತ್ತೇನೆ ಅಂದೆ. ಬೇಡ ಮಾರಾಯ್ತಿ, ಬರೆಯಬೇಡ.

"ನಾನು ನನ್ನ ಹೆಸರಲ್ಲೇ ಬರೀತೀನಿ, ಅವರಿಗೇನು ಭಯ?" ಅಂತ ಕೇಳಿದೆಯಲ್ಲ. ನಿನ್ನ ಧೈರ್ಯ ನನಗೆ ಇಷ್ಟ. ಆದರೆ ನೀನು ಬರೆದಿದ್ದಕ್ಕೆ ನಿನ್ನ ಆಫೀಸಿನಲ್ಲಿ ಯಾರೂ ನೋಟಿಸ್ ಕೊಡುವುದಿಲ್ಲ. ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದು ಅಂತ ನಡತೆ ನಿಯಮವೇ ಇದೆ. ಆ ಮೇಷ್ಟ್ರು ಕೇಳಿದ್ದೇನು? "ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಕೂರುತ್ತಾರೆ, ಇನ್ನೊಂದು ಮಾಧ್ಯಮ ಶುರು ಮಾಡಿದರೆ ಅದಕ್ಕೆ ಟೀಚರ್ ಎಲ್ಲಿ?" ಈ ಪ್ರಶ್ನೆ ದಿನಾ ಆ ಕೋಣೆಯಲ್ಲಿ ನಿಲ್ಲುವವರಿಗೇ ಹೊಳೆಯೋದು. ಅಂಥವರಿಗೆ ಸ್ವಂತ ಹೆಸರಿನಲ್ಲಿ ಕೇಳುವ ಹಾಗಿಲ್ಲ.

ನನ್ನದೇ ಕಥೆ ನಿನಗೆ ಗೊತ್ತಿಲ್ಲ. 1994ರಲ್ಲಿ ನಾನು ಮೇಷ್ಟ್ರಾಗಿದ್ದ ಶಾಲೆ ಸೋರುತ್ತಿತ್ತು. ಪತ್ರಿಕೆಯೊಂದಕ್ಕೆ "ಊರಿನವನೊಬ್ಬ" ಅಂತ ಸಹಿ ಹಾಕಿ ಬರೆದೆ. ಏಳನೇ ತರಗತಿಯ ಕಪ್ಪು ಹಲಗೆಯ ಮೇಲೇ ನೀರು ಇಳಿಯುತ್ತದೆ ಅಂತ ಸೇರಿಸಿದ್ದೆ. ಅಷ್ಟು ಸಾಕಾಯ್ತು. ಅದನ್ನು ಯಾರು ಬರೆದಿರಬಹುದು ಅಂತ ಲೆಕ್ಕ ಹಾಕೋದು ಕಷ್ಟವಿರಲಿಲ್ಲ. ತಿಂಗಳೊಳಗೆ ನನಗೆ ದೂರದ ಊರಿಗೆ ವರ್ಗ. ನಿನ್ನ ಅತ್ತೆ ಆಗ ಬಸುರಿ. ಹೆಂಚು ಮಾತ್ರ ಆ ಬೇಸಿಗೆಯಲ್ಲೇ ಬದಲಾಯ್ತು, ಆ ಸಮಾಧಾನ ಇವತ್ತಿಗೂ ಇದೆ.

ಎಲ್ಲರೂ ನಿಜ ಹೆಸರಿನಲ್ಲೇ ಬರೆಯಬೇಕು ಅಂತ ಕಾನೂನು ಆಗಲಿ ಅಂತಲೂ ಅಂದೆ. ದಕ್ಷಿಣ ಕೊರಿಯಾ ಅದನ್ನು ಮಾಡಿ ನೋಡಿತು. 2007ರಿಂದ ಅಲ್ಲಿನ ದೊಡ್ಡ ತಾಣಗಳಲ್ಲಿ ಬರೆಯುವವರು ಮೊದಲು ತಾವು ಯಾರೆಂದು ಖಾತ್ರಿಪಡಿಸಬೇಕಿತ್ತು. 2011ರಲ್ಲಿ ಕಳ್ಳರು ಅಂಥ ತಾಣ ನಡೆಸುವ ಒಂದು ಕಂಪನಿಯ ಕಂಪ್ಯೂಟರಿಗೆ ನುಗ್ಗಿ ಸುಮಾರು 3.5 ಕೋಟಿ ಜನರ ವಿವರ ಕದ್ದರು. ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ! ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು. ಕೆಟ್ಟ ಬರಹ ಹೇಳಿಕೊಳ್ಳುವಷ್ಟು ಕಡಿಮೆಯಾಗಿದ್ದೂ ಕಾಣಲಿಲ್ಲ.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ 80 ದಾಟಿದ ವಯಸ್ಸಿನಲ್ಲಿ. ಅದು ಸರ್ಕಾರದ ಮೇಲಿನ ಕೇಸು, ನಿಜ. ಆದರೆ ಸರ್ಕಾರವೇ ಸುಮ್ನೆ ಇಣುಕಬಾರದ ಮನೆಗೆ ನಾವು ಇಣುಕಬಹುದಾ?

ಬೆದರಿಕೆ ಹಾಕಿದರೆ, ಹೆಣ್ಣುಮಗಳು ಅಂತ ಹೊಲಸು ಮಾತಾಡಿದರೆ ಬೇರೆ ವಿಷಯ. ಆಗ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡು, ನಾನೂ ಜೊತೆಗೆ ಬರುತ್ತೇನೆ. ಬೇರೆ ಹೆಸರಿನ ಹಿಂದೆ ಯಾರಿದ್ದಾರೆ ಅಂತ ಪತ್ತೆ ಮಾಡುವ ದಾರಿ ಅವರಿಗಿದೆ. ಈ ಮೇಷ್ಟ್ರು ಅಂಥದ್ದೇನೂ ಮಾಡಿಲ್ಲ. ನಿನ್ನ ಮಾತಿಗೆ ಅಡ್ಡ ಮಾತಾಡಿದ್ದಾರೆ, ಸ್ವಲ್ಪ ಖಾರವಾಗಿಯೇ. ಅಷ್ಟೇ ಅಲ್ವಾ?

ಇನ್ನೊಂದು ಕೆಲಸ ಮಾಡು. ಆ ಬ್ಯಾನರಿನ ವಿಷಯ ಅವರಿಗೊಬ್ಬರಿಗೇ ಸಂದೇಶ ಕಳಿಸಿ ತಿಳಿಸು. ನಿನ್ನ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರ ಕಣ್ಣಿಗೂ ಬೀಳುತ್ತದೆ. ನಿನ್ನ ಫೋಟೋಗಳನ್ನೂ ಒಮ್ಮೆ ನೋಡಿಕೋ. ಯುಗಾದಿಯದ್ದರಲ್ಲಿ ಮನೆ ನಂಬರ್, ಸ್ಕೂಟರಿನ ನಂಬರ್ ಎರಡೂ ಕಾಣುತ್ತವೆ.

ಹಬ್ಬಕ್ಕೆ ಬಂದಾಗ "ಟೀಚರ್ ಎಲ್ಲಿ?" ಅನ್ನುವ ಅವರ ಪ್ರಶ್ನೆಗೆ ಉತ್ತರ ಹುಡುಕೋಣ. ನನ್ನ ಹತ್ತಿರವೂ ಇನ್ನೂ ಸರಿಯಾದ ಉತ್ತರ ಇಲ್ಲ.

ಇಂತಿ,
ನಿನ್ನ ಮಾವ