ಹಿಂಡಿಯಲ್ಲಿ ಕಾಕಂಬಿ ಯಾಕೆ ಕಡಿಮೆ ಮಾಡಿದ್ದೇವೆ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಹಿಂಡಿ ಚೀಲದ ಬಾಯಿ ಬಿಚ್ಚಿದರೆ ಮೊದಲಿನಷ್ಟು ಬೆಲ್ಲದ ಘಮ ಬರುವುದಿಲ್ಲ. ಕಲಬೆರಕೆ ಅಂದುಕೊಳ್ಳಬೇಡಿ. 50 ಕೆಜಿ ಚೀಲಕ್ಕೆ 5 ಕೆಜಿ ಹಾಕುತ್ತಿದ್ದ ಕಾಕಂಬಿಯನ್ನು (ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಮೊಲಾಸಿಸ್) ಎರಡೂವರೆ ಕೆಜಿಗೆ ಇಳಿಸಿದ್ದೇವೆ. ತಾಮ್ರ, ರಂಜಕ (ಫಾಸ್ಫರಸ್) ಮುಂತಾದವು ಇರುವ ಖನಿಜ ಮಿಶ್ರಣ ಅರ್ಧ ಕೆಜಿ ಇದ್ದದ್ದು ಈಗ ಒಂದು ಕೆಜಿ. ಮಿಕ್ಕ ಎರಡು ಕೆಜಿ ಜಾಗಕ್ಕೆ ಮೆಕ್ಕೆಜೋಳದ ನುಚ್ಚು. ಚೀಲಕ್ಕೆ 30 ರೂಪಾಯಿ ಜಾಸ್ತಿಯಾಗುತ್ತದೆ.

ಬುದ್ಧಿ ಬಂದದ್ದು ನಮ್ಮದೇ ಕೊಟ್ಟಿಗೆಯಿಂದ. ಕಪ್ಪು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಕಡಸೊಂದು ಕಳೆದ ಮಳೆಗಾಲ ಮುಗಿಯುವಾಗ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಸುತ್ತ ಕೂದಲು ಬೆಳ್ಳಗಾಗಿ ಕನ್ನಡಕ ಹಾಕಿದ ಹಾಗೆ ಕಾಣುತ್ತಿತ್ತು. ಬೆದೆಗೂ ಬರಲಿಲ್ಲ. ಮಳೆಗೆ ಸೊರಗಿದೆ ಅಂತ ನಾವು ಅಕ್ಕಚ್ಚಿಗೆ ಇನ್ನೊಂದು ಸೌಟು ಕಾಕಂಬಿ ಸುರಿದೆವು. ಡ್ರಮ್‌ಗಟ್ಟಲೆ ಇತ್ತಲ್ಲ! ಡಾಕ್ಟರು ಬಂದು ನೋಡಿ, ಇದು ತಾಮ್ರದ ಕೊರತೆ ಅಂದರು. ಕೂದಲಿಗೆ ಕಪ್ಪು ಕಟ್ಟುವುದಕ್ಕೂ ತಾಮ್ರ ಬೇಕಂತೆ.

ಕಾಕಂಬಿಯಲ್ಲಿ ಸುಮಾರು ಅರ್ಧದಷ್ಟು ಸಕ್ಕರೆ. ಜೊತೆಗೆ ಗಂಧಕವೂ ಇದೆ. ದನದ ದೊಡ್ಡ ಹೊಟ್ಟೆಯಲ್ಲಿ ಗಂಧಕ ಸಲ್ಫೈಡ್ ಆಗಿ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆ ತಾಮ್ರ ಮೈಗೆ ಹತ್ತುವುದಿಲ್ಲ, ಸಗಣಿಯಲ್ಲಿ ಹೋಗುತ್ತದೆ. ಮಲೆನಾಡಲ್ಲಿ ಇನ್ನೊಂದು ತೊಡಕು. ಮಳೆಗಾಲದ ಹುಲ್ಲಿಗೆಲ್ಲ ಕೆಂಪು ಮಣ್ಣು ಸಿಡಿದಿರುತ್ತದೆ, ಆ ಮಣ್ಣಿನ ಕಬ್ಬಿಣವೂ ತಾಮ್ರಕ್ಕೆ ಅಡ್ಡ. ಕಾಕಂಬಿಯಲ್ಲಿ ರಂಜಕವಂತೂ ತೀರಾ ಕಡಿಮೆ. ಹಸು ಮೂಳೆ, ಬಟ್ಟೆ ಅಗಿಯುತ್ತಿದ್ದರೆ ಹಸಿವು ಅಂತ ಸುಮ್ನೆ ಬಿಡಬೇಡಿ, ರಂಜಕದ ಕೊರತೆ ಇರಬಹುದು.

ಸಕ್ಕರೆಯೇ ನೇರವಾಗಿ ಕಾಟ ಕೊಟ್ಟದ್ದು ಇಲಿಗಳಲ್ಲಿ. 1980ರ ದಶಕದಲ್ಲಿ ಅಮೆರಿಕದ ಲ್ಯಾಬುಗಳಲ್ಲಿ ತಾಮ್ರ ತೀರಾ ಕಡಿಮೆ ಇದ್ದ ಆಹಾರ ಕೊಟ್ಟು ನೋಡಿದ್ದರು. ಪಿಷ್ಟ ತಿಂದ ಇಲಿಗಳು ತಕ್ಕಮಟ್ಟಿಗೆ ತಡೆದುಕೊಂಡವು. ಫ್ರಕ್ಟೋಸ್ ಸಕ್ಕರೆ ತಿಂದ ಗಂಡಿಲಿಗಳಿಗೆ ರಕ್ತ ಕಡಿಮೆಯಾಗಿ, ಹೃದಯ ಊದಿ, ಬೇಗ ಸತ್ತವು. ಇದನ್ನು ಹಾಗೇ ಹಸುವಿಗೆ ಹಚ್ಚುವಂತಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ಸಕ್ಕರೆಯನ್ನು ಮೊದಲು ಹುಳಿಸಿ ಮುಗಿಸುತ್ತವೆ.

ಕಾಕಂಬಿ ಪೂರ್ತಿ ಬಿಟ್ಟಿಲ್ಲ. ಹಿಂಡಿಯ ದೂಳು ಕೂರಬೇಕು, ಹಸು ಬಾಣಲೆ ನೆಕ್ಕಬೇಕು, ಅಲ್ವಾ? ಆದರೂ ಕೆಲವು ಹಸುಗಳು ಮೊದಲ ದಿನ ಮೂಸಿ ಮುಖ ತಿರುಗಿಸಬಹುದು. ಹಳೆಯದಕ್ಕೆ ಹೊಸದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹತ್ತು ದಿನದಲ್ಲಿ ಬದಲಾಯಿಸಿ. ಖನಿಜ ಮಿಶ್ರಣ ಬೇರೆಯಾಗಿ ಕೊಡುತ್ತಿದ್ದವರು ಇದೂ ಅದೂ ಸೇರಿಸಿ ಎಷ್ಟಾಗುತ್ತದೆ ಅಂತ ಡಾಕ್ಟರಲ್ಲಿ ಕೇಳಿ.

ಕುರಿ ಸಾಕುವ ಶಿಕಾರಿಪುರ ಕಡೆಯ ಗ್ರಾಹಕರು ಗಮನಿಸಿ: ಈ ಹಿಂಡಿಯನ್ನು ಕುರಿಗಳಿಗೆ ಹಾಕಲೇಬೇಡಿ. ಹಸುವಿಗೆ ಬೇಕಾದಷ್ಟು ತಾಮ್ರ ಕುರಿಗೆ ವಿಷವಾಗಬಹುದು. ಚೀಲದ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದೇವೆ.

ಹಳೆಯ ಚೀಲಗಳು ಮುಗಿಯುವವರೆಗೆ ಹಳೆಯ ದರಕ್ಕೇ ಸಿಗುತ್ತವೆ.

ಇಂತಿ,
ಪಶು ಆಹಾರ ಘಟಕದ ಪರವಾಗಿ
ಸಾಗರ